ಏಕಾದಶಿ ಹಿಡಿದ ಮೋಡೆಮ್

ಹೋದ ತಿಂಗಳು ಮಗಳು ಮೊಬೈಲಿನಲ್ಲಿ ಏನೋ ಹುಡುಕುತ್ತ ಕೂತವಳು, "ಅಪ್ಪಾ, ನಿನ್ನ ಕಾಲದ ಇಂಟರ್‌ನೆಟ್ ಹಿಂಗ ಒದರತಿತ್ತಂತ, ಕೇಳಿಲ್ಲೆ" ಎಂದು ಒಂದು ಸದ್ದು ಹಾಕಿದಳು. ಮೊದಲು ಡಯಲ್ ಟೋನು, ಆಮೇಲೆ ಟಕಟಕ ಅಂಕಿಗಳು, ಆಮೇಲೆ ಆ ಕೀರಲು. ಮಣಿಕೊಂಡದ ನಮ್ಮ ಮನೆಯ ಹಾಲಿನಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದ ನಾನು ಎದ್ದು ಬಾಲ್ಕನಿಗೆ ಹೋಗಿಬಿಟ್ಟೆ. ಮಗಳು ಬಿದ್ದು ಬಿದ್ದು ನಕ್ಕಳು. ಹೆಂಡತಿ ಮಾತ್ರ, "ಬಂದ್ ಮಾಡವಾ ಅದನ್ನ" ಎಂದಳು. ಅವಳಿಗೆ ಈ ಕತೆ ಗೊತ್ತು. ಅವಳ ಹೊರತು ಇನ್ನಾರಿಗೂ ನಾನು ಹೇಳಿಲ್ಲ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಹುಟ್ಟಾ ಚಿಂತೆಗಾರ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳಿ, ಬಾಗಿಲು ತೆಗೆದ ಮೇಲೆ, ನಮ್ಮ ಮನೆಯಲ್ಲಿ ಈಗ ಇರುವುದು ಕರೆಂಟಿನ ಒಲೆ ಎಂದು ನೆನಪಾಗಿ ಹಲ್ಲು ಕಿರಿದವನು. ಇಂಥವನ ಕೈಗೆ ಆ ಕಾಲದಲ್ಲಿ ಒಂದು ಸರ್ವರ್ ಕೊಟ್ಟಿದ್ದರು. ಕೊಟ್ಟವರಿಗೆ ನನ್ನ ಸ್ವಭಾವ ಗೊತ್ತಿರಲಿಲ್ಲ. ಅಪ್ಪನ ಸ್ವಭಾವ ಗೊತ್ತಿತ್ತು, ಅದನ್ನೇ ನಂಬಿ ಕೊಟ್ಟಿದ್ದರು.

ಅಪ್ಪ ಅಬಿಡ್ಸ್‌ನ ಒಂದು ಸಗಟು ಔಷಧಿ ಕಂಪನಿಯಲ್ಲಿ ಆರ್ಡರ್ ಗುಮಾಸ್ತ. ಮೂರನೇ ಮಹಡಿಯಲ್ಲಿ ಕಿಟಕಿ ಪಕ್ಕದ ಖುರ್ಚಿ, ಮುಂದೆ ಒಂದು ಕರೀ ಫೋನು. ಮಧ್ಯಾಹ್ನ ರಾಯಚೂರು, ಕಲಬುರ್ಗಿ, ಬೀದರಿನ ಬ್ರಾಂಚುಗಳು ಒಂದರ ಹಿಂದೆ ಒಂದು ಫೋನು ಹಚ್ಚುತ್ತಿದ್ದವು. ಯಾವ ಔಷಧಿ ಎಷ್ಟು ಬೇಕು ಎಂಬುದನ್ನು ಅಪ್ಪ ಉದ್ದನೆಯ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದರು, ಸಂಜೆಯೊಳಗೆ ಪಾರ್ಸೆಲ್ಲು ಬಸ್ಸು ಹತ್ತುತ್ತಿತ್ತು. ಇಡೀ ಆಫೀಸು ತೆಲುಗು, ಹಿಂದಿಯಲ್ಲಿ ನಡೆಯುತ್ತಿದ್ದರೂ ಆ ಒಂದು ಫೋನಿನ ಭಾಷೆ ಕನ್ನಡ. ಒಂದು ಭಾನುವಾರ ಬೆಳಿಗ್ಗೆ ಅಪ್ಪ ಪೇಪರು ಓದುತ್ತ ಕೂತವರು ಹಾಗೇ ಕೂತುಬಿಟ್ಟರು. ಹದಿಮೂರನೇ ದಿನ ಮುಗಿಯುತ್ತಲೇ ಮಾಲೀಕರು ನನ್ನನ್ನು ಕರೆಸಿ ಅಪ್ಪನ ಖುರ್ಚಿ ತೋರಿಸಿದರು. ಖುರ್ಚಿಯ ಗಾದಿಯಲ್ಲಿ ಅಪ್ಪ ಕೂತು ಕೂತು ಆದ ತಗ್ಗು ಇತ್ತು. ನಾನು ಅಪ್ಪನಿಗಿಂತ ತೆಳ್ಳಗಿದ್ದೆ. ಆ ತಗ್ಗಿನಲ್ಲಿ ಕೂತಾಗೆಲ್ಲ ಯಾರದೋ ತೊಡೆಯ ಮೇಲೆ ಕೂತಂತಾಗುತ್ತಿತ್ತು.

ಒಂದು ವರ್ಷ ನಾನೂ ಹಾಗೇ ಫೋನಿನಲ್ಲಿ ಆರ್ಡರು ಬರೆದುಕೊಂಡೆ. ಆಮೇಲೆ ಕಂಪ್ಯೂಟರು ಬಂತು. ಬ್ರಾಂಚಿನವರು ತಮ್ಮಲ್ಲೇ ಆರ್ಡರು ಟೈಪು ಮಾಡಿ, ಫೋನಿನ ಮೂಲಕ ನಮ್ಮ ಸರ್ವರಿಗೆ ಕಳಿಸುವ ಏರ್ಪಾಡು. ಎರಡೂ ಕಡೆ ಮೋಡೆಮ್ ಎಂಬ ಪೆಟ್ಟಿಗೆ; ಆ ಕಡೆಯದು ಕರೆಯುತ್ತದೆ, ಈ ಕಡೆಯದು ಎತ್ತುತ್ತದೆ, ಎರಡೂ ಒಂದಕ್ಕೊಂದು ಕಿರುಚಿ ಗುರುತು ಹಿಡಿದು ಕೆಲಸಕ್ಕೆ ತೊಡಗುತ್ತವೆ. ಬ್ರಾಂಚಿನವರಿಗೆಲ್ಲ ಅಪ್ಪನ ಫೋನ್ ನಂಬರು ಬಾಯಿಪಾಠವಾಗಿತ್ತು. ಹೊಸ ನಂಬರು ಯಾಕೆಂದು ಆ ಲೈನನ್ನೇ ಮೋಡೆಮಿಗೆ ಕೊಟ್ಟೆವು. ಕಿಟಕಿ ಪಕ್ಕದ ಅದೇ ಜಾಗಕ್ಕೆ ಗಾಜಿನ ಗೋಡೆ ಕಟ್ಟಿ, ಏಸಿ ಹಾಕಿ, ಸರ್ವರ್ ಕೂರಿಸಿದರು. ಕರೀ ಫೋನು ಕಪಾಟು ಸೇರಿತು. ಖುರ್ಚಿ ಮಾತ್ರ ಅಲ್ಲೇ ಉಳಿಯಿತು, ನನಗಾಗಿ.

ಹೊಸ ಏರ್ಪಾಡಿನಲ್ಲಿ ನನ್ನ ಜಾಣತನ ಎರಡು ಕಡೆ ಕೆಲಸ ಮಾಡಿತು. ಒಂದು, ಮೋಡೆಮು ಮೊದಲನೇ ರಿಂಗಿಗೇ ಫೋನು ಎತ್ತುವಂತೆ ಮಾಡಿದೆ. ಕಾಯಿಸುವುದೇಕೆ? ಎರಡು, ಅಪ್ಪನ ವೇಳಾಪಟ್ಟಿ ತಿದ್ದಿದೆ. ಅವರ ರಿಜಿಸ್ಟರಿನ ಒಳರಟ್ಟಿನ ಮೇಲೆ ಅವರದೇ ಅಕ್ಷರದಲ್ಲಿತ್ತು: ರಾಯಚೂರು ಹನ್ನೆರಡೂಮುಕ್ಕಾಲು, ಕಲಬುರ್ಗಿ ಒಂದು, ಬೀದರ್ ಒಂದೂವರೆ. ನಡುವಿನ ಒಂದೂಕಾಲಿನ ಮುಂದೆ ಏನೂ ಇಲ್ಲ, ಒಂದು ಗೆರೆ ಅಷ್ಟೆ. ಆ ಹೊತ್ತಿಗೆ ಯಾವ ಬ್ರಾಂಚೂ ಫೋನು ಮಾಡುವುದಿಲ್ಲ ಎಂಬುದು ನನಗೂ ರೂಢಿಯಾಗಿ, ಆ ವರ್ಷವೆಲ್ಲ ದಿನಾ ಒಂದೂಕಾಲಿಗೆ ಕೆಳಗಿನ ಇರಾನಿ ಹೋಟೆಲ್ಲಿಗೆ ಚಹಾಕ್ಕೆ ಇಳಿಯುತ್ತಿದ್ದೆ. ಅವ್ವ ಕಟ್ಟಿಕೊಟ್ಟ ಡಬ್ಬಿ ಬಿಚ್ಚುವುದು ಮೂರರ ಮೇಲೆ. ಅಷ್ಟರಲ್ಲಿ ಬೀದರಿನ ಬಸ್ಸು ಮೊದಲಿಗಿಂತ ಬೇಗ ಹೊರಡತೊಡಗಿ, ಒಂದೂವರೆಯೊಳಗೆ ಅಲ್ಲಿಯ ಆರ್ಡರು ಕೈಗೆ ಬರಲೇಬೇಕು ಎಂದಾಯಿತು. ಅಪ್ಪ ಕಾಲು ತಾಸು ಸುಮ್ಮನೆ ಹಾಳು ಮಾಡುತ್ತಿದ್ದರಲ್ಲ ಎಂದುಕೊಂಡು, ಬೀದರನ್ನು ಎತ್ತಿ ಒಂದೂಕಾಲಿಗೆ ಕೂರಿಸಿದೆ. ಮ್ಯಾನೇಜರು ಬೆನ್ನು ತಟ್ಟಿದರು.

ಎರಡನೇ ದಿನದಿಂದಲೇ ಬೀದರ್ ಕೈಕೊಡತೊಡಗಿತು.

ಬೀದರಿನಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವರು ವಯಸ್ಸಾದ ಒಬ್ಬ ಹೆಣ್ಣುಮಗಳು. ಅಪ್ಪನ ಕಾಲದಿಂದಲೂ ಅಲ್ಲಿದ್ದವರು. ನಾನು ಅಕ್ಕಾರ ಎನ್ನುತ್ತಿದ್ದೆ, ಅವರು ನನಗೆ ತಮ್ಮಾ. ಮೋಡೆಮು ಸೋತಾಗ ಅವರು ಮ್ಯಾನೇಜರ್ ಟೇಬಲ್ಲಿನ ಫೋನಿಗೆ ಮಾಡಿ ನನ್ನನ್ನು ಕರೆಸುತ್ತಿದ್ದರು.

"ತಮ್ಮಾ, ನಿನ್ನ ಮಷೀನು ಮತ್ತ ಎಂಗೇಜು."

"ಎಂಗೇಜ್ ಹೆಂಗ್ರಿ ಅಕ್ಕಾರ? ನಿಮ್ಮ ಫೋನು ಬಂದೈತಿ, ಎತ್ತೈತಿ, ನಿಮ್ಮ ಕಡೆಯಿಂದನ ದನಿ ಇಲ್ಲ ಅಂತ ಬರಕೊಂಡೈತಿ."

"ಮೂರು ಸಲ ಹಚ್ಚೀನೋ ಮಾರಾಯಾ. ಮೂರೂ ಸಲ ಎಂಗೇಜು. ನಾ ಸುಳ್ಳು, ನಿನ್ನ ಪೆಟಗಿ ಖರೆ?"

ಅಕ್ಕಾರು ಒಂದೊಂದು ಔಷಧಿಯ ಹೆಸರನ್ನೂ ಫೋನಿನಲ್ಲಿ ಓದಿ ಹೇಳಿ, ನಾನು ಬರೆದುಕೊಳ್ಳುವ ಹೊತ್ತಿಗೆ ಪಾರ್ಸೆಲ್ಲು ಕಟ್ಟಿ ಆಗಿರುತ್ತಿತ್ತು. ಬೀದರಿನದು ಮರುದಿನಕ್ಕೆ. ಮಾತ್ರೆಗಳಾದರೆ ಒಂದು ದಿನ ತಡೆದಾವು. ಅಲ್ಲಿ ಇನ್ಸುಲಿನ್ ಇಡುವ ಫ್ರಿಜ್ಜು ಸಣ್ಣದು. ಎರಡು ದಿನಕ್ಕಾಗುವಷ್ಟೇ ಹಿಡಿಯುತ್ತಿತ್ತು. ಅದನ್ನೇ ನಂಬಿದ ಏಳು ವರ್ಷದ ಒಂದು ಹುಡುಗಿ ಇದ್ದಳಂತೆ. ಅವಳ ಅಜ್ಜ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು, ಅಂಗಡಿ ತೆಗೆಯುವ ಮುಂಚೆ ಥರ್ಮಾಸು ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಿದ್ದನಂತೆ. "ನಿನ್ನಿ ಬರಿಗೈಲೆ ಹೋದ ನೋಡು ಮುದುಕ. ಏನೂ ಅನಲಿಲ್ಲ. ಬೈದಿದ್ರ ಛಲೋ ಇತ್ತು" ಎಂದು ಒಂದು ದಿನ ಅಕ್ಕಾರು ಅಂದರು.

ಇದನ್ನು ನನ್ನಂಥವನಿಗೆ ಹೇಳಬಾರದಾಗಿತ್ತು. ಅವತ್ತಿನಿಂದ ಆ ಅಜ್ಜನ ಥರ್ಮಾಸು ನನ್ನ ಕಣ್ಣ ಮುಂದಿನಿಂದ ಸರಿಯಲಿಲ್ಲ. ಅದರ ಬಣ್ಣ ಹಸಿರು ಎಂದು ನಾನೇ ತೀರ್ಮಾನಿಸಿದ್ದೆ.

ಮೋಡೆಮು ಬದಲಾಯಿಸಿದೆ. ವೈರು ಬದಲಾಯಿಸಿದೆ. ಸ್ಪೀಡು ಇಳಿಸಿದೆ, ಇನ್ನೂ ಇಳಿಸಿದೆ. ಗೋಡೆಯ ಸಾಕೆಟ್ಟು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ, ಯಾವ ಸ್ಕ್ರೂ ಎಲ್ಲಿಯದೆಂದು ತಿಳಿಯದೆ ಎರಡು ಸ್ಕ್ರೂ ಉಳಿಸಿಕೊಂಡೆ. ರಾಯಚೂರು, ಕಲಬುರ್ಗಿ ನಿರಾಳವಾಗಿ ಬಂದು ಹೋಗುತ್ತಿದ್ದವು. ಕೆಡುತ್ತಿದ್ದದ್ದು ಬೀದರ್ ಒಂದೇ ಆದ್ದರಿಂದ ನನ್ನ ಅನುಮಾನವೆಲ್ಲ ಬೀದರಿನ ಲೈನಿನ ಮೇಲೆ. ಹೊತ್ತಿನ ಮೇಲೆ ಅನುಮಾನ ಪಡಬೇಕೆಂದು ಯಾವ ದಡ್ಡನಿಗಾದರೂ ಹೊಳೆಯುತ್ತಿತ್ತು. ನಾನು ತರಬೇತಿ ಪಡೆದವನು, ಹೊಳೆಯಲಿಲ್ಲ. ಎಕ್ಸ್‌ಚೇಂಜಿನ ಲೈನ್‌ಮನ್ ಬಂದ. ಹಳೇ ಶಹರದ ನಡುವಯಸ್ಸಿನ ಮನುಷ್ಯ, ಕಿವಿಯ ಸಂದಿಯಲ್ಲಿ ಬೀಡಿ. ಟೆಸ್ಟಿಂಗ್ ಫೋನು ಚುಚ್ಚಿ ಕೇಳಿ, "ಲೈನ್ ಏಕ್‌ದಮ್ ಸಾಫ್ ಹೈ ಸಾಬ್. ಆಪ್‌ಕಾ ಡಬ್ಬಾಚ್ ಬೀಮಾರ್ ಹೈ" ಎಂದು, ಲೈನು ಸರಿಯಿದೆ, ರೋಗ ಈ ಪೆಟ್ಟಿಗೆಗೇ ಎನ್ನುವಂತೆ ಅದರ ಕಡೆ ಕೈ ತೋರಿಸಿ ಹೋದ. ಪೆಟ್ಟಿಗೆ ಮಾರಿದ ಕಂಪನಿಯ ಎಂಜಿನಿಯರು ಬಂದ. ಅವನೆದುರು ಬೀದರ್ ಮೊದಲನೇ ಸಲಕ್ಕೇ ಸಿಕ್ಕಿತು. "ಅಂತಾ ಬಾಗಾನೇ ಉಂದಿ ಕದಾ" ಎಂದು, ಎಲ್ಲ ಸರಿಯಿದೆಯಲ್ಲ ಎನ್ನುವ ಮುಖ ಮಾಡಿ ನಕ್ಕ. ಮರುದಿನ ಮತ್ತೆ ಕೆಟ್ಟಿತು. ಮುಂದಿನ ವಾರ ಬಂದ, ಮತ್ತೆ ಸಿಕ್ಕಿತು. ಮ್ಯಾನೇಜರು ಈಗ ನನ್ನನ್ನು ನೋಡಿದಾಗೆಲ್ಲ, "ಏಂ ಸಾರ್, ಬೀದರ್ ಮಳ್ಳೀ ಪೋಯಿಂದಾ?" ಎನ್ನತೊಡಗಿದರು. ಮತ್ತೆ ಹೋಯಿತಾ ಎಂದು ಅವರು ಕೇಳುವ ರೀತಿಯಲ್ಲಿ, ಹೋಗುವುದು ಮುಂದೆ ಯಾರು ಎನ್ನುವುದೂ ಸೇರಿರುತ್ತಿತ್ತು.

ಆ ತಿಂಗಳುಗಳಲ್ಲಿ ಗಾಜಿನ ಕೋಣೆಯಲ್ಲಿ ಒಂದೂಕಾಲಾಗುವುದೆಂದರೆ ನನಗೆ ಹೆದರಿಕೆ. ಹೊರಗೆ ಹಾಡಹಗಲು, ಕೆಳಗೆ ಬಸ್ಸು ಆಟೋಗಳ ಗದ್ದಲ, ಗಾಜಿನೊಳಗೆ ಏಸಿಯ ಗುಂಯ್. ಮೋಡೆಮಿನ ಮೈಮೇಲೆ ಸಾಲಾಗಿ ಕೆಂಪು ದೀಪ. ಸರಿಯಾಗಿ ಒಂದೂಕಾಲಿಗೆ ಒಂದು ದೀಪ ಹೊತ್ತುತ್ತದೆ, ಪೆಟ್ಟಿಗೆ ಎತ್ತುತ್ತದೆ, ಕಿರುಚುತ್ತದೆ. ಬೇರೆ ಬ್ರಾಂಚಿನ ಕರೆಗೆ ಆ ಕಡೆಯ ಮೋಡೆಮೂ ಕಿರುಚಿ ಉತ್ತರ ಕೊಡುತ್ತದೆ. ಇದಕ್ಕೆ ಉತ್ತರವಿಲ್ಲ. ಕಿರುಚುತ್ತದೆ, ನಿಲ್ಲುತ್ತದೆ, ಕಿವಿಗೊಡುತ್ತದೆ, ಮತ್ತೆ ಕಿರುಚುತ್ತದೆ. ಒಂದು ನಿಮಿಷ ಹೀಗೆ ಕರೆದು ಕರೆದು ಸುಮ್ಮನಾಗುತ್ತದೆ. ಆದರೆ ಕರೆದವರು ಆ ಕಡೆ ಫೋನು ಇಡುವ ತನಕ ಲೈನು ಬಿಡುಗಡೆಯಾಗುತ್ತಿರಲಿಲ್ಲ. ಆಗಿನ ಲೈನುಗಳು ಹಾಗಿದ್ದವು. ನಾನು ಅಪ್ಪನ ಖುರ್ಚಿಯ ತಗ್ಗಿನಲ್ಲಿ ಕೂತು ನೋಡುತ್ತಿದ್ದೆ. ಆ ಸದ್ದು ಯಂತ್ರದ್ದೆಂದು ಗೊತ್ತಿದ್ದೂ, ಯಾರನ್ನೋ ಒಬ್ಬರನ್ನೇ ಕೋಣೆಯಲ್ಲಿ ಬಿಟ್ಟು ಬಂದಿದ್ದೇವೆ ಎನ್ನಿಸುತ್ತಿತ್ತು.

ಮನೆಯಲ್ಲೂ ನೆಮ್ಮದಿಯಿರಲಿಲ್ಲ. ತಾರ್ನಾಕದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆಗ ನಾನು, ಅವ್ವ, ಇಬ್ಬರೇ. ಅವ್ವ ಸೊರಗುತ್ತಿದ್ದಳು. ಮಧ್ಯಾಹ್ನ ಸರಿಯಾಗಿ ಉಣ್ಣುತ್ತಿಲ್ಲ ಎಂದು ಗೊತ್ತಾಗುತ್ತಿತ್ತು. ಕೇಳಿದರೆ, "ಹಸಿವಿಲ್ಲಪಾ" ಎಂಬ ಒಂದೇ ಉತ್ತರ. ನಾನು ಮೂರು ಡಾಕ್ಟರುಗಳಿಗೆ ತೋರಿಸಿದೆ. ಆದರೆ ನನ್ನ ಡಬ್ಬಿ ಮಾತ್ರ ದಪ್ಪವಾಗುತ್ತ ಹೋಗಿತ್ತು. ಎರಡು ರೊಟ್ಟಿ ಹೋಗಿ ನಾಲ್ಕಾಗಿದ್ದವು.

"ಅವ್ವಾ, ನಾಕು ಯಾರು ತಿನ್ನೋರು? ನಾ ಏನು ಪೈಲ್ವಾನ?"

"ಇರಲಿ ತಗೋ. ಆಫೀಸಿನಾಗ ಯಾರರ ಇರತಾರ."

ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದೆವು, ಒಬ್ಬರಿಗೊಬ್ಬರು ಏನನ್ನೂ ಹೇಳುತ್ತಿರಲಿಲ್ಲ. ಚಿಂತೆಗಾರರಿರುವ ಮನೆಯ ಪದ್ಧತಿಯೇ ಅದು. ಅವನಿಗೆ ಹೇಳಬ್ಯಾಡ, ತಲಿ ಕೆಡಿಸಿಕೋತಾನ, ಎಂದು ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಅವನು, ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ತಲೆ ಕೆಡಿಸಿಕೊಳ್ಳುತ್ತಾನೆ.

ಕೊನೆಗೆ ಬೇರೆ ದಾರಿ ಕಾಣದೆ ಸರ್ವರಿನ ಎರಡು ತಿಂಗಳ ದಾಖಲೆಯನ್ನು ಕಾಗದಕ್ಕೆ ಇಳಿಸಿದೆ. ಕೆಟ್ಟ ದಿನಕ್ಕೆ ಕಾಟು ಗುರುತು, ಸಿಕ್ಕ ದಿನಕ್ಕೆ ಸೊನ್ನೆ. ಔಷಧಿ ಕಂಪನಿಯವರು ಕೊಟ್ಟ ಕ್ಯಾಲೆಂಡರು ಕೋಣೆಯ ಗೋಡೆಗಿತ್ತು. ಅದರ ಪಕ್ಕ ಕಾಗದ ಹಿಡಿದು ಹೋಲಿಸಿದೆ. ಭಾನುವಾರ ರಜೆ, ಬಿಡಿ. ಉಳಿದ ಸೊನ್ನೆಗಳು ಬಹಳಷ್ಟು ಒಂದೇ ಸಾಲಿನಲ್ಲಿ ಬಿದ್ದಿದ್ದವು. ಗುರುವಾರ. ಒಂದೇ ಒಂದು ಗುರುವಾರವೂ ಬೀದರ್ ಕೆಟ್ಟಿರಲಿಲ್ಲ. ಎಂಜಿನಿಯರು ಎರಡೂ ಸಲ ಬಂದದ್ದು ಗುರುವಾರ. ಬೇರೆ ವಾರಗಳಲ್ಲಿ ಚೆಲ್ಲಿದಂತಿದ್ದ ಮೂರು ಸೊನ್ನೆಗಳು ಉಳಿದವು. ಒಂದು ಮಂಗಳವಾರ, ಒಂದು ಬುಧವಾರ, ಒಂದು ಶುಕ್ರವಾರ. ಕ್ಯಾಲೆಂಡರಿನಲ್ಲಿ ಆ ಚೌಕಗಳ ಮೂಲೆಯಲ್ಲಿ ಕೆಂಪಕ್ಷರದಲ್ಲಿ ಸಣ್ಣಗೆ ಏನೋ ಇತ್ತು. ಕನ್ನಡಕ ಒರೆಸಿಕೊಂಡು ನೋಡಿದೆ. ಮೂರೂ ಏಕಾದಶಿ.

ಗುರುವಾರ ಒಪ್ಪತ್ತು ಮಾಡುವ, ಏಕಾದಶಿ ಹಿಡಿಯುವ ಮೋಡೆಮು! ಎಷ್ಟು ಮಡಿವಂತ ಯಂತ್ರವಪ್ಪಾ ಎಂದು ಒಬ್ಬನೇ ನಕ್ಕೆ. ನಕ್ಕ ಸದ್ದು ಗಾಜಿಗೆ ತಾಗಿ ವಾಪಸು ಬಂದದ್ದು ಸರಿಯೆನ್ನಿಸಲಿಲ್ಲ. ಕೂಡಲೇ ಬೀದರಿಗೆ ಫೋನು ಮಾಡಿದೆ.

"ಅಕ್ಕಾರ, ಒಂದು ಮಾತು ಕೇಳತೀನಿ, ನಗಬ್ಯಾಡ್ರಿ. ನೀವು ಗುರುವಾರ, ಏಕಾದಶಿ ಉಪವಾಸ ಮಾಡತೀರೇನ್ರಿ?"

"ನಾನು? ಹಸಿವಿ ಅಂದ್ರ ನನಗ ಹತ್ತೂವರಿಗೇ ಕಣ್ಣು ಕತ್ತಲಿ ಬರತಾವ. ಉಪವಾಸ ಮಾಡತಿದ್ದವರು ನಿಮ್ಮ ಅಪ್ಪಾರು. ದತ್ತನ ಗುರುವಾರ, ವಿಠ್ಠಲನ ಏಕಾದಶಿ. ಯಾಕ ಕೇಳಾಕತ್ತಿ?"

ಅದು ನನಗೆ ಗೊತ್ತಿಲ್ಲದ ಸಂಗತಿಯೇ? ಆ ಎರಡು ದಿನ ಅಪ್ಪ ಡಬ್ಬಿ ಒಯ್ಯುತ್ತಿರಲಿಲ್ಲ.

"ಅಂದಂಗ ತಮ್ಮಾ," ಎಂದರು ಅಕ್ಕಾರು, "ಅವರ ಕಾಲದಾಗ ಒಂದೂಕಾಲಕ್ಕ ನಾವ್ಯಾರೂ ಫೋನು ಹಚ್ಚತಿದ್ದಿಲ್ಲ ನೋಡು. ಆ ಹೊತ್ತು ಖಾಲಿ ಬಿಡ್ರವಾ, ಮನೀ ಗಂಟಿ ಹೊಡಿತೈತಿ ಅಂತಿದ್ರು. ಎರಡು ರಿಂಗು ಹೊಡೆದು ನಿಂತರ, ಊಟಾ ಮಾಡ್ರಿ ಅಂತ ಅರ್ಥ. ಎತ್ತಂಗಿಲ್ಲ, ಮಾತಿಲ್ಲ. ನಿಮ್ಮವ್ವಾರ ಹುಕುಂ! ಇಲ್ಲಾಂದ್ರ ಆ ಮನಿಶ್ಯಾ ಆರ್ಡರು ಬರಕೋತ ಸಂಜೀತನಕ ಉಪವಾಸ ಕುಂದ್ರತಿದ್ದ."

ನಾನು ಆ ವರ್ಷಗಳಲ್ಲಿ ಕಾಲೇಜಿನಲ್ಲಿರುತ್ತಿದ್ದೆ. ಮಧ್ಯಾಹ್ನ ಒಂದೂಕಾಲಿಗೆ ನಮ್ಮ ಮನೆಯಲ್ಲಿ ಏನು ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ, ಖಾಲಿ ಖುರ್ಚಿಯ ಮುಂದೆ ಕರೀ ಫೋನು ಎರಡು ಸಲ ಬಡಿದು ನಿಲ್ಲುವಾಗ ನಾನು ಕೆಳಗೆ ಚಹಾ ಕುಡಿಯುತ್ತಿದ್ದೆ.

ಮರುದಿನ ಬುಧವಾರ. ಕಪಾಟಿನಿಂದ ಕರೀ ಫೋನು ತೆಗೆದು, ಧೂಳು ಒರೆಸಿ, ಮೋಡೆಮಿನ ಲೈನಿಗೇ ಜೋಡಿಸಿದೆ. ಮೇಜಿನ ಮೇಲೆ ಅದರ ಹಳೆಯ ಜಾಗದಲ್ಲಿ ಇಟ್ಟೆ. ಒಂದೂಕಾಲಾಯಿತು. ಒಂದು ರಿಂಗು, ದೀಪ ಹೊತ್ತಿತು, ಪೆಟ್ಟಿಗೆ ಎತ್ತಿತು. ನಾನು ರಿಸೀವರು ಎತ್ತಿ ಕಿವಿಗಿಟ್ಟು, ಮಾತಾಡುವ ತುದಿಯನ್ನು ಅಂಗೈಯಿಂದ ಮುಚ್ಚಿ ಹಿಡಿದೆ.

ಮೊದಲು ಕಿರುಚಾಟ, ಕಿವಿ ಹರಿಯುವಷ್ಟು. ಅದು ಉಸಿರು ತೆಗೆದುಕೊಳ್ಳುವ ಸಣ್ಣ ಬಿಡುವಿನಲ್ಲಿ ಕೇಳಿದ್ದು ನಮ್ಮ ಮನೆಯ ಗೋಡೆ ಗಡಿಯಾರ. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆಲ್ಲಗೆ ಇಡುವ ಅದರ ಕುಂಟು ನಡಿಗೆ. ಆಮೇಲೆ ಅವ್ವನ ಬಳೆ.

"ಆತು... ಆತ್ರಿ... ಸುಮ್ಮಿರ್ರಿ," ಎನ್ನುತ್ತಿದ್ದಳು ಅವ್ವ. ಜ್ವರ ಬಂದ ಮಗುವಿನ ಹಣೆಯ ಮೇಲೆ ಕೈಯಿಟ್ಟಾಗಿನ ದನಿ. "ಹಿಂಗ್ಯಾಕ ಮಾಡತೀರಿ ದಿನಾ? ಅಳಬ್ಯಾಡ್ರಿ. ನಾ ಇಲ್ಲೇ ಅದೀನಲ್ರಿ."

ಪೆಟ್ಟಿಗೆ ಮತ್ತೆ ಕಿರುಚಿತು. ಅವ್ವ ಮತ್ತೆ, "ಆತು, ಆತು" ಎಂದಳು. ಕೈ ತೆಗೆದು, ಅವ್ವಾ ಇದು ಯಂತ್ರ ಎನ್ನಬಹುದಿತ್ತು. ಆದರೆ ಫೋನಿನಲ್ಲಿ ನನ್ನ ದನಿ ಥೇಟು ಅಪ್ಪನ ದನಿ. ಅಪ್ಪ ಹೋದ ಮೇಲೆ ಬ್ರಾಂಚಿನವರು ನನ್ನ ಹಲೋ ಕೇಳಿ ಎಷ್ಟೋ ಸಲ ಬೆಚ್ಚಿದ್ದಾರೆ. ಆ ಲೈನಿನಲ್ಲಿ, ಆ ಹೊತ್ತಿಗೆ ನಾನು ಬಾಯಿ ಬಿಟ್ಟರೆ ಅವ್ವನಿಗೆ ಕೇಳುವುದು ಯಾರ ದನಿ? ಅಂಗೈಯನ್ನು ಇನ್ನೂ ಗಟ್ಟಿಯಾಗಿ ಒತ್ತಿದೆ.

ಒಂದು ನಿಮಿಷವಾಯಿತು. ಪೆಟ್ಟಿಗೆ ಸೋತು ಸುಮ್ಮನಾಯಿತು. ಆ ಕಡೆ ಅವ್ವ ಉದ್ದನೆಯ ಉಸಿರು ಬಿಟ್ಟಳು.

"ಹಾಂ. ನೋಡ್ರಿ, ಈಗ ಸಮಾಧಾನ ಆತಿಲ್ಲ? ಡಬ್ಬಿ ಬಿಚ್ಚರಿ. ಮೆಂತೆಪಲ್ಲೆ ಐತಿ, ಶೇಂಗಾ ಹಿಂಡಿ ಐತಿ. ಹುಡುಗನ ಡಬ್ಬಿಯೊಳಗ ನಾಕು ರೊಟ್ಟಿ ಇಟ್ಟೀನಿ. ಇಬ್ಬರೂ ಕೂಡಿ ಉಣ್ರಿ. ಅಂವಗ ಹೇಳಬ್ಯಾಡ್ರಿ, ಭಾಳ ಚಿಂತಿ ಮಾಡತಾನ."

ಮತ್ತೂ ಒಂದಷ್ಟು ಹೊತ್ತು ಮಾತಾಡಿದಳು. ನೀರು ಬಾರದ್ದು, ಪಕ್ಕದ ಮನೆಯವರ ಹೊಸ ಮಿಕ್ಸರು, ನನ್ನ ಮದುವೆ. ಮುಚ್ಚಿಡುವಂಥದ್ದೇನೂ ಅಲ್ಲ, ಆದರೂ ಅದನ್ನು ಬರೆಯಲಾರೆ. ಅವಳು ಫೋನಿಟ್ಟಾಗ ಒಂದೂ ಇಪ್ಪತ್ತೆರಡು. ಬೀದರಿನ ಮೋಡೆಮು ಅಷ್ಟರಲ್ಲಿ ಮೂರು ಸಲ ಎಂಗೇಜ್ ಕೇಳಿ ಕೈಚೆಲ್ಲಿತ್ತು.

ಒಂದು ವರ್ಷ ಆ ಫೋನು ಎರಡು ರಿಂಗು ಬಡಿದು, ಪದ್ಧತಿಯಂತೆ ಯಾರೂ ಎತ್ತದೆ, ಅವ್ವ ಪದ್ಧತಿಯಂತೆ ಇಟ್ಟುಬಿಟ್ಟಿದ್ದಾಳೆ. ಆಮೇಲೊಂದು ದಿನ, ಸತ್ತವರ ಫೋನನ್ನು ಯಾರೋ ಮೊದಲನೇ ರಿಂಗಿಗೇ ಎತ್ತಿ ಚೀರಿದ್ದಾರೆ. ಇಡಬೇಕೆಂದರೂ ಹೇಗೆ ಇಟ್ಟಾಳು? ಸಮಾಧಾನ ಮಾಡಿ ಸುಮ್ಮನಾಗಿಸಿದ್ದಾಳೆ. ಮರುದಿನ ಮತ್ತೆ ಚೀರಿದ್ದಾರೆ. ನಾಲ್ಕು ತಿಂಗಳಿಂದ ನನ್ನ ಅವ್ವ ದಿನಾ ಮಧ್ಯಾಹ್ನ, ತನ್ನ ತಟ್ಟೆ ಬಿಟ್ಟು, ಅಳುವ ಅಪ್ಪನನ್ನು ಸಂತೈಸುತ್ತಿದ್ದಳು. ಅಪ್ಪನನ್ನು ಅಳಿಸುತ್ತಿದ್ದವನು ನಾನು. ಕಾಯಿಸುವುದೇಕೆ ಎಂದು ಮೊದಲನೇ ರಿಂಗಿಗೆ ಎತ್ತಿಸಿದ ಜಾಣ.

ಅವತ್ತು ಸಂಜೆ ಕೂತು ಎರಡು ಕೆಲಸ ಮಾಡಿದೆ. ಕಲಬುರ್ಗಿಯ ಬಸ್ಸು ತಡ; ಅವರಿಗೆ ಒಂದೂವರೆ ಕೊಟ್ಟು, ಬೀದರಿಗೆ ಒಂದು ಗಂಟೆ ಕೊಟ್ಟೆ. ಒಂದೂಕಾಲಿನ ಮುಂದೆ ಅಪ್ಪನಂತೆಯೇ ಒಂದು ಗೆರೆ. ಎರಡನೆಯದು, ಮೋಡೆಮು ಮೂರನೇ ರಿಂಗಿಗೆ ಎತ್ತುವಂತೆ ಬದಲಿಸಿದೆ. ಬೀದರಿಗೆ ಮೊದಲನೆಯದೇ ಸಾಕಿತ್ತು. ಎರಡನೆಯದು ಅವ್ವನಿಗಾಗಿ. ಆದರೆ ಎರಡಕ್ಕೇ ಇಡುವ ರೂಢಿ ಅವಳಿಗೆ ಇನ್ನೂ ಉಳಿದಿದೆಯೇ? ನಾಲ್ಕು ತಿಂಗಳಿಂದ ಎತ್ತಿಸಿಕೊಂಡವಳು, ಇವತ್ತು ಎತ್ತಲಿಲ್ಲವೆಂದು ಕಾದರೆ? ಮೂರನೆಯದು ಬಡಿದರೆ ಪೆಟ್ಟಿಗೆ ಎತ್ತುತ್ತದೆ, ಮತ್ತೆ ಅದೇ ಚೀರಾಟ. ನಾಲ್ಕನೆಯದಕ್ಕೆ, ಐದನೆಯದಕ್ಕೆ ಇಡೋಣವೆಂದರೆ ಬ್ರಾಂಚಿನ ಮೋಡೆಮುಗಳು ಅಷ್ಟು ಕಾಯುವುದಿಲ್ಲ. ಮರುದಿನ ಗುರುವಾರ, ಕರೆಯಿಲ್ಲ. ಎರಡು ರಾತ್ರಿ ಚಿಂತಿಸಲು ನನಗೆ ಸಿಕ್ಕಿತು.

ಶುಕ್ರವಾರ ಒಂದು ಗಂಟೆಗೆ ಬೀದರ್ ಮೊದಲನೇ ಸಲಕ್ಕೇ ಸಿಕ್ಕಿತು. ಪೂರ್ತಿ ಆರ್ಡರು ಎರಡು ನಿಮಿಷದಲ್ಲಿ ಇಳಿಯಿತು, ಇನ್ಸುಲಿನ್ನು ಮೇಲಿನ ಸಾಲಿನಲ್ಲೇ. ಮ್ಯಾನೇಜರು ಗಾಜಿನ ಹೊರಗಿನಿಂದ ಹೆಬ್ಬೆರಳು ಎತ್ತಿ ತೋರಿಸಿದರು. ನನ್ನ ಕಣ್ಣು ಗಡಿಯಾರದ ಮೇಲಿತ್ತು. ಕರೀ ಫೋನು ಮೇಜಿನ ಮೇಲೇ ಇತ್ತು. ನಾನು ಡಬ್ಬಿಯನ್ನು ಅದರ ಪಕ್ಕದಲ್ಲಿಟ್ಟು ಕೂತೆ.

ಒಂದೂಕಾಲು. ರಿಂಗು.

ಪೆಟ್ಟಿಗೆ ಎತ್ತಲಿಲ್ಲ. ತಾರ್ನಾಕದಲ್ಲಿ ಅವ್ವ ರಿಸೀವರು ಕಿವಿಗೊತ್ತಿಕೊಂಡು ನಿಂತದ್ದು ನನಗೆ ಕಾಣುತ್ತಿತ್ತು. ಇನ್ನೊಂದು ರಿಂಗು. ಇಡವ್ವಾ. ಇಟ್ಟುಬಿಡು. ಎರಡನೆಯ ರಿಂಗು ಮುಗಿದ ಮೇಲಿನ ಬಿಡುವು ಎಷ್ಟು ಉದ್ದವಿತ್ತೆಂದರೆ, ಆಮೇಲೆ ಎಷ್ಟೋ ವರ್ಷ ನಾನು ಫೋನು ಬಡಿದಾಗೆಲ್ಲ ಅದನ್ನು ಅಳೆದಿದ್ದೇನೆ. ಎಲ್ಲ ಬಿಡುವಿನಷ್ಟೇ ಅದೂ.

ಮೂರನೆಯದು ಬಡಿಯಲಿಲ್ಲ.

ಡಬ್ಬಿ ಬಿಚ್ಚಿದೆ. ನಾಲ್ಕೂ ರೊಟ್ಟಿ ತಿಂದೆ. ಮೂರನೆಯದರ ಹೊತ್ತಿಗೆ ಹೊಟ್ಟೆ ತುಂಬಿತ್ತು, ಬಿಡಲು ಮನಸ್ಸಾಗಲಿಲ್ಲ.

ಸಂಜೆ ಅವ್ವ ಡಬ್ಬಿ ತೆಗೆದು ನೋಡಿದಳು. "ಎಲ್ಲಾ ಉಂಡೀಯಲ್ಲ ಇವತ್ತ?"

"ಹೂಂ. ಒಂದೂಕಾಲಕ್ಕ ಕುಂತೆ."

ಅವಳು ನನ್ನ ಕಡೆ ತಿರುಗಲಿಲ್ಲ. ಡಬ್ಬಿಯ ಮುಚ್ಚಳ ತೊಳೆಯುತ್ತಿದ್ದ ಕೈ ಮಾತ್ರ ನಿಂತಿತು.

"ಛಲೋ ಆತು," ಎಂದಳು. ಆಮೇಲೆ ನಲ್ಲಿಯ ಸದ್ದಿನ ನಡುವೆ, "ಇವತ್ತ ಶಾಂತ ಇತ್ತು" ಎಂದಳು. ಒಲೆಯ ಪಕ್ಕ ಅವಳ ತಟ್ಟೆ ಬೋರಲಾಗಿತ್ತು, ಉಂಡು ತೊಳೆದಿಟ್ಟದ್ದು.

ಮರುವಾರ ಬೀದರಿನ ಅಕ್ಕಾರು ಫೋನು ಮಾಡಿ, ಮುದುಕ ನಗುತ್ತ ಹೋದ ಎಂದರು. ಥರ್ಮಾಸು ಯಾವ ಬಣ್ಣ ಎಂದು ಕೇಳಿದೆ.

"ಕೆಂಪು. ಯಾಕ?"

"ಸುಮ್ನ ಕೇಳಿದೆ" ಎಂದೆ.

ಡಯಲ್-ಅಪ್ ಆ ಆಫೀಸಿನಲ್ಲಿ ಬಹಳ ವರ್ಷ ಉಳಿಯಲಿಲ್ಲ. ಹೊಸ ಲೈನು ಬಂತು, ಮೋಡೆಮು ಗುಜರಿಗೆ ಹೋಯಿತು. ಆ ಒಂದು ಟೆಲಿಫೋನು ಲೈನನ್ನು ಮಾತ್ರ ನಾನು ಉಳಿಸಿಕೊಂಡೆ. ಮ್ಯಾನೇಜರು ಕೇಳಿದಾಗೆಲ್ಲ, ಹೊಸದು ಕೈಕೊಟ್ಟರೆ ಬೇಕಲ್ಲ ಸಾರ್ ಎಂದೆ. ಚಿಂತೆಗಾರನೆಂಬ ಹೆಸರು ಆ ಒಂದು ಸಲ ಉಪಯೋಗಕ್ಕೆ ಬಂತು. ಕರೀ ಫೋನು ದಿನಾ ಎರಡು ಸಲ ಬಡಿದು ನಿಲ್ಲುತ್ತಿತ್ತು. ಅದು ಅಪ್ಪನಿಗೋ ನನಗೋ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಇಬ್ಬರ ಪಾಲನ್ನೂ ತಿಂದು ನಾನು ಖುರ್ಚಿಯ ತಗ್ಗಿಗೆ ಸರಿಯಾಗಿ ಹೊಂದಿಕೊಂಡೆ.

ಅವ್ವ ಹೋಗಿ ಐದು ತಿಂಗಳಾದ ಮೇಲೆ ಲೈನು ತೆಗೆಸಲು ಅರ್ಜಿ ಬರೆದೆ. ಅದೇ ಲೈನ್‌ಮನ್ ಬಂದ, ಈಗ ಗಡ್ಡ ಪೂರ್ತಿ ಬೆಳ್ಳಗೆ. ಸೋಮವಾರವಾಗಿತ್ತು. ವೈರಿಗೆ ಕತ್ತರಿ ಹಚ್ಚಲು ಹೋದವನನ್ನು ತಡೆದು, ಗುರುವಾರ ಬಾ ಎಂದೆ.

"ಗುರುವಾರ್‌ಕೋಚ್ ಕೈಕೂ ಸಾಬ್?" ಗುರುವಾರವೇ ಯಾಕೆ ಎಂದು ಅವನು ಹುಬ್ಬು ಏರಿಸಿದ.

"ಗುರುವಾರ ಈ ಫೋನು ಬರುವುದಿಲ್ಲ" ಎಂದು ಅವನ ಭಾಷೆಯಲ್ಲೇ ಹೇಳಿದೆ. ಅವನು ನನ್ನನ್ನೂ ಫೋನನ್ನೂ ಒಂದು ಸಲ ನೋಡಿ, ಬೀಡಿಯನ್ನು ಕಿವಿಯಿಂದ ಬಾಯಿಗೆ ಬದಲಿಸಿ, ಆಯಿತೆಂದು ಹೋದ.

ಗುರುವಾರ ಒಂದು ಗಂಟೆಗೇ ಬಂದ. ಒಂದೂ ಹತ್ತಕ್ಕೆ ವೈರು ಕತ್ತರಿಸಿ, ಸುತ್ತಿ, ಚೀಲಕ್ಕೆ ಹಾಕಿಕೊಂಡು ಹೊರಟ. ನಾನು ಒಂದೂವರೆಯ ತನಕ ಫೋನಿನ ಮುಂದೆ ಕೂತೇ ಇದ್ದೆ. ಅವತ್ತು ನಾನೂ ಡಬ್ಬಿ ತಂದಿರಲಿಲ್ಲ.